ಗಗನಯಾತ್ರಿಯ ಮೇಷ್ಟ್ರು

ಮೇಷ್ಟ್ರುಗಳಿಗೆಲ್ಲ ಒಂದು ಕಾಯಿಲೆ ಇರುತ್ತದೆ. ಶಿಷ್ಯರು ಫೇಲಾದರೆ ಅದು ಅವರ ಹಣೆಬರಹ, ಮೇಲೆ ಬಂದರೆ ನಮ್ಮ ಪಾಠ. ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿರುವ ನನಗೆ ಈ ಕಾಯಿಲೆ ಉಲ್ಬಣಿಸಿದ್ದು ನಫೀಸಾಳಿಂದ. ಬಂಟ್ವಾಳದ ಚಪ್ಪಲಿ ಅಂಗಡಿಯವರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ರಾಕೆಟ್ ಇಂಧನದ ಮೇಲೆ ಸಂಶೋಧನೆ ಮಾಡುತ್ತಿದ್ದ ಆ ವಿಜ್ಞಾನಿ ಈಗ ಗಗನಯಾತ್ರಿ ತರಬೇತಿಗೆ ಆಯ್ಕೆಯಾಗಿದ್ದಾಳೆ. ಸುದ್ದಿ ಬಂದ ದಿನದಿಂದ ನಾನು ಮೀನು ಮಾರ್ಕೆಟಿನಲ್ಲೂ ಅವಳ ಗುರುವಾಗಿಯೇ ಓಡಾಡಿದೆ.

"ನೀವು ಅವಳಿಗೆ ಕಲಿಸಿದ್ದು ಎಂತ?" ಎಂದು ಹೆಂಡತಿ ಕೇಳಿದಳು.

"ಗುರುತ್ವಾಕರ್ಷಣೆ" ಎಂದೆ.

"ಅದು ಇಲ್ಲದ ಕಡೆಗಲ್ವಾ ಅವಳು ಹೋಗುವುದು?"

ಕಳೆದ ತಿಂಗಳು ನಫೀಸಾ ನಮ್ಮ ಕಾಲೇಜಿಗೆ ಬಂದಳು. ಸ್ವಾಗತ ಭಾಷಣದಲ್ಲಿ ನಾನು ಅವಳ ಬಗ್ಗೆ ಎರಡು ನಿಮಿಷ, ನನ್ನ ಬಗ್ಗೆ ಹನ್ನೆರಡು ನಿಮಿಷ ಮಾತಾಡಿ ಕೂತೆ. ಆಮೇಲೆ ಅವಳು ಮೈಕ್ ಹಿಡಿದಳು.

"ಆಯ್ಕೆಯಲ್ಲಿ ಒಂದು ತಿರುಗುವ ಕುರ್ಚಿ ಉಂಟು. ಕಣ್ಣು ಕಟ್ಟಿ ಕೂರಿಸಿ ತಿರುಗಿಸ್ತಾರೆ. ಮೊದಲ ದಿನ ನನಗೆ ವಾಂತಿಯೇ ವಾಂತಿ. ಇದು ನನ್ನಿಂದ ಆಗುವ ಕೆಲಸ ಅಲ್ಲ, ನಾಳೆಯೇ ಲ್ಯಾಬಿಗೆ ವಾಪಸ್ ಹೋಗ್ತೇನೆ ಅಂತ ಬ್ಯಾಗು ತುಂಬಿಸಿದೆ. ಆಗ ನಮ್ಮ ಸರ್ ನೆನಪಾದರು."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಪಿಯುಸಿಯಲ್ಲಿ ಸರ್ ನಮ್ಮನ್ನು ಚಾರ್ಮಾಡಿ ಘಾಟಿಗೆ ಕರಕೊಂಡು ಹೋಗಿದ್ದರು. ಮುಂಡಾಜೆ ದಾಟಿ ತಿರುವು ಶುರುವಾದದ್ದೇ, ಸರ್ ವಾಂತಿ ಮಾಡಿದರು. ಪ್ಲಾಸ್ಟಿಕ್ ತೊಟ್ಟೆ ಹಿಡಿದದ್ದು ನಾನೇ."

ಸಭೆಯೆಲ್ಲ ನಕ್ಕಿತು. ಪ್ರಾಂಶುಪಾಲರು ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

"ಆದರೆ ಸರ್ ಬಸ್ಸು ನಿಲ್ಲಿಸಿ ಇಳಿದರು. ಮುಖ ತೊಳೆದುಕೊಂಡು, ಅಲ್ಲೇ ಬಂಡೆಯಿಂದ ಬೀಳುವ ನೀರು ತೋರಿಸಿ ಮುಕ್ಕಾಲು ಗಂಟೆ ಪಾಠ ಮಾಡಿದರು. ಅಷ್ಟು ಸುಸ್ತಾದವರು ನಿಂತು ಕಲಿಸಿದರಲ್ಲ, ನಾನು ಯಾಕೆ ಓಡಿಹೋಗಬೇಕು ಅಂತ ಅನಿಸಿತು. ಮರುದಿನ ಪುನಃ ಕುರ್ಚಿಯಲ್ಲಿ ಕೂತೆ. ಹದಿನೈದು ದಿನದಲ್ಲಿ ಅಭ್ಯಾಸ ಆಯಿತು."

ಈಗ ಯಾರೂ ನಗಲಿಲ್ಲ. ಚಪ್ಪಾಳೆ ಮುಗಿದ ಮೇಲೆ ಅವಳು ನನ್ನ ಬಳಿ ಬಂದು, "ಅವತ್ತು ನೀವು ಹಾಗೆ ನಿಲ್ಲದಿದ್ದರೆ ನಾನು ಇವತ್ತು ಲ್ಯಾಬಿನಲ್ಲೇ ಇರ್ತಿದ್ದೆ ಸರ್" ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ.

ನಿಮಗೆ ಮಾತ್ರ ಹೇಳುತ್ತೇನೆ. ಅವತ್ತು ಪಾಠ ಅಷ್ಟು ಉದ್ದವಾದದ್ದು ಪುನಃ ಆ ಬಸ್ಸು ಹತ್ತಲು ಧೈರ್ಯ ಸಾಲದೆ. ಡ್ರೈವರ್ ಹಾರ್ನ್ ಬಾರಿಸದಿದ್ದರೆ ಆ ನೀರಿನ ಪಕ್ಕದಲ್ಲೇ ಇಡೀ ವರ್ಷದ ಪಾಠ ಮುಗಿಸುತ್ತಿದ್ದೆನೋ ಏನೋ.