ಮೂವತ್ತು ಕಾಯಿಯ ಮೂಟೆ

ನನ್ನ ಸೊಂಟದ ಇಂದಿನ ದುಸ್ಥಿತಿಗೆ ಮೂಲಪುರುಷ ನನ್ನ ಭಾಮೈದ ಬಸವರಾಜಪ್ಪ. ಎಪ್ಪತ್ತೊಂಬತ್ತರ ಯುಗಾದಿಗೆ ಬಿಳಿಗೆರೆಯಿಂದ ಬಂದಿದ್ದ. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಬೇಕಿದ್ದ ಕಾಯಿಮೂಟೆಯನ್ನು ಎತ್ತಲಾರದೆ ನಾನು ಏಣಿಯ ಬುಡದಲ್ಲಿ ಏದುಸಿರು ಬಿಡುತ್ತಿದ್ದೆ. ಅವನು ಅದನ್ನು ಒಂದೇ ಹೆಗಲಿಗೆ ಹಾಕಿಕೊಂಡು ಹತ್ತಿಬಿಟ್ಟ.

"ಭಾವ, ನೀವು ಕೂತ್ಕಳಿ. ಇದು ನಿಮ್ ಕೈಲಾಗಾಕಿಲ್ಲ" ಎಂದ. ಅದೂ ನನ್ನ ಹೆಂಡತಿ ಗುರುಸಿದ್ದಮ್ಮನ ಎದುರಿಗೆ. ಮುಂದಿನ ಯುಗಾದಿಗೆ ಇವನ ಕಣ್ಣೆದುರೇ ಮೂಟೆ ಹೊತ್ತು ಅಟ್ಟ ಹತ್ತದಿದ್ದರೆ ನನ್ನ ಹೆಸರು ಶಂಭುಲಿಂಗಯ್ಯನೇ ಅಲ್ಲ ಎಂದು ಶಪಥ ಮಾಡಿದೆ. (ಮನಸ್ಸಿನಲ್ಲಿ. ಗಟ್ಟಿಯಾಗಿ ಮಾಡುವ ಧೈರ್ಯವಿರಲಿಲ್ಲ.)

ಗರಡಿಯ ಉಸ್ತಾದ್ ಮಾಯಣ್ಣನನ್ನು ಹಿಡಿದೆ. "ಮೊದ್ಲು ಮೈ ಬಿಸಿ ಮಾಡ್ಕಳಿ ಸ್ವಾಮಿ. ಖಾಲಿ ಬುಟ್ಟಿ ಹತ್ತು ಸಲ, ಅರ್ಧ ತುಂಬಿದ್ದು ಐದು ಸಲ. ಆಮ್ಯಾಕೆ ಪೂರ್ತಿ ಭಾರ. ಬಲ ಬೇಕಾದ್ರೆ ಭಾರ ಜಾಸ್ತಿ, ಎತ್ತೋದು ಐದೇ ಸಲ. ಮೈ ತುಂಬ್ಕಬೇಕಾದ್ರೆ ಹತ್ತು ಸಲ. ದಮ್ಮು ಬೇಕಾದ್ರೆ ಭಾರ ಕಡ್ಮೆ, ಹದಿನೈದ್ರ ಮೇಲೆ."

ನನಗೆ ಬೇಕಾದದ್ದು ಬಲ. ಮೂವತ್ತು ಹೊಸ ಕಾಯಿ ಗೋಣಿಗೆ ತುಂಬಿ ಬಾಯಿ ಹೊಲಿದೆ. ದಿನಾ ಬೆಳಿಗ್ಗೆ ಹಜಾರದಲ್ಲಿ ಕೈಕಾಲು ಬೀಸಿ, ಖಾಲಿ ಬುಟ್ಟಿಯನ್ನು ಭಕ್ತಿಯಿಂದ ಎತ್ತಿ ಇಳಿಸುತ್ತಿದ್ದೆ.

"ಮೈ ಬಿಸಿ ಆಗ್ಬೇಕಾದ್ರೆ ಸೌದೆ ಒಡೀರಿ, ಸ್ನಾನದ ನೀರೂ ಬಿಸಿಯಾಗ್ತದೆ" ಎನ್ನುತ್ತಿದ್ದಳು ಗುರುಸಿದ್ದಮ್ಮ. ವ್ಯಾಯಾಮಶಾಸ್ತ್ರ ಅವಳಿಗೆ ಹೇಗೆ ಅರ್ಥವಾಗಬೇಕು?

ಮೊದಲ ತಿಂಗಳು ಐದು ಸಲ ಎತ್ತುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಶ್ರಾವಣಕ್ಕೆ ಎಂಟಾಯಿತು, ದೀಪಾವಳಿಗೆ ಹನ್ನೆರಡು. ಮಾಘದಲ್ಲಿ ಇಪ್ಪತ್ತು, ಅದೂ ಆಕಳಿಸುತ್ತಾ. ಎತ್ತುವಾಗ ಲೊಡಲೊಡ ಸದ್ದಾಗುತ್ತಿತ್ತು. ನನ್ನ ಕೀಲುಗಳು ಪಳಗುತ್ತಿವೆ ಎಂದುಕೊಂಡೆ.

ಯುಗಾದಿ ಬಂತು, ಭಾಮೈದನೂ ಬಂದ. "ಈ ಸಲ ನೀನು ಕೂತ್ಕಳಪ್ಪ" ಎಂದು ಹೊಸ ಕಾಯಿಯ ಮೂಟೆಗೆ ಕೈಹಾಕಿದೆ. (ಎಣಿಸಿ ತುಂಬಿದ್ದೆ, ಅದರಲ್ಲೂ ಮೂವತ್ತೇ.) ಮೂಟೆ ಮೊಣಕಾಲಿನವರೆಗೆ ಬಂತು. ಸೊಂಟದಲ್ಲಿ ಚಟಕ್ ಎಂದಿತು. ಮೂಟೆ ನೆಲಕ್ಕೆ ಹೋಯಿತು, ಹಿಂದೆಯೇ ನಾನೂ ಹೋದೆ. ಬಸವರಾಜಪ್ಪ ಮೂಟೆ ಹೊತ್ತು ಏಣಿ ಹತ್ತಿದ.

ಗುರುಸಿದ್ದಮ್ಮ ನನ್ನ ಹಳೇ ಮೂಟೆಯ ಹೊಲಿಗೆ ಬಿಚ್ಚಿ, ಒಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲುಗಾಡಿಸಿದಳು. ಲೊಡಲೊಡ. ವರ್ಷವಿಡೀ ನೀರು ಇಂಗಿ, ಒಳಗೆ ಕೊಬ್ಬರಿಯಾಗಿತ್ತು. ನನಗೆ ಬಲ ಬಂದಿರಲಿಲ್ಲ, ಮೂಟೆ ಹಗುರವಾಗಿತ್ತು. ಇಪ್ಪತ್ತೈದು ವರ್ಷದಿಂದ ಕಾಯಿ ಅಲುಗಾಡಿಸಿಯೇ ಕೊಬ್ಬರಿ ವ್ಯಾಪಾರ ಮಾಡುವವನು ನಾನು.

"ನಿಂಗೆ ಗೊತ್ತಿತ್ತೇನೇ?"

"ಶ್ರಾವಣದಿಂದ್ಲೇ ಗೊತ್ತಿತ್ತು ಕಣ್ರೀ. ಖುಷಿಯಾಗಿದ್ರಲ್ಲ, ಯಾಕ್ ಹೇಳ್ಲಿ ಅಂತ ಸುಮ್ಕಿದ್ದೆ."

ನನಗೆ ಅಳು ಬಂತು. ಸೊಂಟನೋವಿಗೆ ಎಂದು ಹೇಳಿದೆ. ಅವಳು ಎಣ್ಣೆ ಬಿಸಿ ಮಾಡಿ ತಂದು, ನನ್ನನ್ನು ಬೋರಲು ಮಲಗಿಸಿ, ಅಂಗೈಗೆ ಸುರಿದುಕೊಂಡು ಕೇಳಿದಳು:

"ತಿಕ್ಕೋದು ಐದ್ ಸಲವೋ, ಹದಿನೈದ್ ಸಲವೋ?"