ಕಾರಿಲ್ಲದೆ ಸವಾರಿ ಹೊರಟ ಇಂಜಿನ್ನು

ನಮ್ಮ ಚಿಕ್ಕಪ್ಪನಿಗೆ ಬಿಚ್ಚಲು ಬಾರದ ವಸ್ತು ಈ ಭೂಮಿಯ ಮೇಲಿಲ್ಲ. ಜೋಡಿಸುವ ವಿಚಾರ ಮಾತ್ರ ಕೇಳಬೇಡಿ! ಮನೆಯ ಮಿಕ್ಸಿ, ಗೋಡೆ ಗಡಿಯಾರ, ಔಷಧಿ ಹೊಡೆಯುವ ಪಂಪು, ಎಲ್ಲವೂ ಅವರ ಕೈಯಲ್ಲಿ ಬಿಚ್ಚಿಸಿಕೊಂಡು, ಮತ್ತೆ ಒಂದಾಗುವಾಗ ಒಂದೆರಡು ಸ್ಕ್ರೂ ಕಳೆದುಕೊಂಡಂಥವೇ. "ಕಂಪನಿಯೋರು ಜಾಸ್ತಿ ಹಾಕಿರ್ತಾರೆ ಕಣೋ" ಎಂದು ಉಳಿದದ್ದನ್ನು ಜೇಬಿಗಿಳಿಸುತ್ತಾರೆ. ಬಟ್ಟೆ ಒಗೆಯುವ ಮುನ್ನ ಚಿಕ್ಕಮ್ಮ ಅವರ ಜೇಬು ತಡಕಿದರೆ ಅರ್ಧ ಟ್ರ್ಯಾಕ್ಟರ್ ಸಿಗುತ್ತದೆ.

ಇಂಥವರ ಕಣ್ಣು ಅಪ್ಪನ ಕಾರಿನ ಮೇಲೆ ಬಿತ್ತು. ದುಂಡು ಮೂತಿಯ ಕಪ್ಪು ಕಾರು, ವಯಸ್ಸಿನಲ್ಲಿ ನನಗಿಂತ ಹಿರಿಯದು. ದಿಬ್ಬೂರಹಳ್ಳಿ ಪಕ್ಕದ ನಮ್ಮೂರಿನಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ಅಪ್ಪ ರೇಷ್ಮೆಗೂಡು ಸಾಗಿಸುತ್ತಿದ್ದದ್ದು ಅದರಲ್ಲೇ. ತಮ್ಮನಾದ ಚಿಕ್ಕಪ್ಪನಿಗೆ ಅದರ ಬಾನೆಟ್ ಮುಟ್ಟಲೂ ಅಪ್ಪಣೆ ಇರಲಿಲ್ಲ. ಕಾರು ಕೆಟ್ಟು ಶೆಡ್ಡು ಸೇರಿತು. ಆಮೇಲೆ ಅಪ್ಪನಿಗೂ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಆದರೆ ಮಾತು ತೊದಲತೊಡಗಿತು. ನಾಲ್ಕು ಜನರೆದುರು ತೊದಲುವುದು ಅವಮಾನವೆನಿಸಿ ಅಪ್ಪ ಮಾತನ್ನೇ ಬಿಟ್ಟುಬಿಟ್ಟರು. ನೀರು ಬೇಕಾದರೂ ಕೈಸನ್ನೆ! "ಮಾತಾಡ್ತಾ ಹೋದ್ರೆ ಸರಿಹೋಗುತ್ತೆ, ಹೇಗಾದರೂ ಮಾತಾಡಿಸಿ" ಎಂದರು ಚಿಕ್ಕಬಳ್ಳಾಪುರದ ಡಾಕ್ಟರು. ಅಮ್ಮ ಅತ್ತು ನೋಡಿದರು, ನಾನು ರೇಗಿ ನೋಡಿದೆ. ಚಿಕ್ಕಪ್ಪ ಸ್ಪ್ಯಾನರ್ ಹಿಡಿದು ಶೆಡ್ಡಿಗೆ ನಡೆದರು. ಕಾರಿನ ಸದ್ದು ಕೇಳಿದರೆ ಅಣ್ಣ ಬಾಯಿ ಬಿಡುತ್ತಾನೆಂಬುದು ಅವರ ವೈದ್ಯಶಾಸ್ತ್ರ.

ಇಂಜಿನ್ ಹೊರಗೆ ಬಂತು. ಅದರ ಕರುಳು ಪಚ್ಚಿಯೆಲ್ಲ ಚಿಕ್ಕಮ್ಮನ ಹುಳು ಸಾಕುವ ತಟ್ಟೆಗಳಲ್ಲಿ ಸಾಲಾಗಿ ಮಲಗಿತು. ಚಿಂತಾಮಣಿಯ ಲೇಥ್ ಅಂಗಡಿಗೆ ಓಡಾಡಿ ಓಡಾಡಿ ಚಿಕ್ಕಪ್ಪನ ಚಪ್ಪಲಿಯೇ ಸವೆಯಿತು. ಕೊನೆಗೂ ಇಂಜಿನ್ ಒಂದುಗೂಡಿತು.

"ಇನ್ನು ಕಾರೊಳಗೆ ಕೂರಿಸಬಹುದಲ್ಲ ಚಿಕ್ಕಪ್ಪ?"

"ಸಾರಿನ ರುಚಿ ನೋಡ್ದೆ ಬಡಿಸ್ತಾರೇನೋ? ಒಳಗೆ ಕೂರ್ಸಿದ್ಮೇಲೆ ಕೆಟ್ರೆ ನಿಮ್ಮಪ್ಪ ಬಂದು ಇಳಿಸ್ತಾನಾ? ಮೊದ್ಲು ಹೊರಗೇ ಓಡಿಸಿ ನೋಡಣ."

ಹಳೆಯ ಟೈರು ಗಾಡಿಯ ಮೇಲೆ ಇಂಜಿನ್ನನ್ನು ಬಿಗಿದರು. ಮುಂದೆ ರೇಡಿಯೇಟರ್, ಪಕ್ಕದಲ್ಲಿ ಬ್ಯಾಟರಿ. ಅಂಗಳದ ಹೊಂಗೆ ಮರದ ಕೊಂಬೆಗೆ ಪೆಟ್ರೋಲ್ ಬಾಟಲಿ ತೂಗುಬಿಟ್ಟು, ಅದರಿಂದ ಕಾರ್ಬುರೇಟರಿಗೆ ಸಣ್ಣ ಪೈಪು. ನೋಡಿದವರು ಇಂಜಿನ್ನಿಗೆ ಗ್ಲೂಕೋಸ್ ಹಾಕಿದ್ದಾರೆಂದೇ ತಿಳಿಯಬೇಕು!

ಮುಹೂರ್ತ ಗೊತ್ತುಮಾಡಬೇಕಾದವರು ಯಾರು? ನಮ್ಮಲ್ಲಿ ಪಂಚಾಂಗಕ್ಕಿಂತ ರೇಷ್ಮೆಹುಳು ದೊಡ್ಡದು. ಅವು ಸೊಪ್ಪು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಜ್ವರಕ್ಕೆ ಕೂತಿದ್ದವು, ಆಗ ಹೊಗೆ ತಗುಲಿದರೆ ಉಳಿಯುವುದಿಲ್ಲ. ಹುಳುಮನೆ ಬಾಗಿಲಲ್ಲಿ ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ಹೊಗೆ ಏನಾದ್ರೂ ಈ ಕಡೆ ಬಂತೋ, ನಿಮ್ಮನ್ನೇ ಬಿದಿರಿನ ಚಂದ್ರಿಕೆಗೆ ಹಾಕ್ತೀನಿ, ಹುಳದ ಥರ ಗೂಡು ಕಟ್ಕೊಂಡು ಬಿದ್ದಿರಿ!"

ಚಿಕ್ಕಪ್ಪ ಹೆದರುವ ಪೈಕಿಯೇ? ಬೋರ್‌ವೆಲ್‌ಗೆ ತಂದು ಮಿಕ್ಕಿದ್ದ ಪ್ಲಾಸ್ಟಿಕ್ ಪೈಪನ್ನು ಹೊಗೆಯ ಬಾಯಿಗೆ ಸಿಕ್ಕಿಸಿ ಬೇಲಿಯಾಚೆ ಬಿಟ್ಟರು. ಇಂಜಿನ್ ಗುಡುಗಿದ್ದೇ ತಡ, ಪೈಪು ಹಪ್ಪಳದಂತೆ ಮುದುಡಿ ತೊಟತೊಟ ತೊಟ್ಟಿಕ್ಕಿತು. ಪುಣ್ಯಕ್ಕೆ ಗಾಳಿ ಬೇಲಿಯತ್ತ ಬೀಸುತ್ತಿತ್ತು, ಹುಳು ಬದುಕಿದವು. ಚಿಕ್ಕಪ್ಪ ಮಾತ್ರ ಗೂಡು ಬಿಡಿಸುವ ತನಕ ಇಂಜಿನ್ನಿನ ಹತ್ತಿರ ಸುಳಿಯುವಂತಿರಲಿಲ್ಲ.

ಗೂಡು ಮಾರುಕಟ್ಟೆಗೆ ಹೋಯಿತು. ಎರಡನೆಯ ಪ್ರಯತ್ನಕ್ಕೆ ಕಬ್ಬಿಣದ ಪೈಪು ಬಂತು, ಅಪ್ಪನ ಕುರ್ಚಿಯನ್ನು ಜಗಲಿಯಲ್ಲಿ ಹಾಕಿದ್ದಾಯಿತು. ಇಂಜಿನ್ ಎದ್ದು ಗಡಗಡ ನಡುಗಿತು. ಆಹಾ! ಎಲ್ಲ ಸರಿಯಿತ್ತು, ಗಾಡಿಯ ಚಕ್ರಕ್ಕೆ ಕಲ್ಲು ಕೊಡುವುದೊಂದನ್ನು ಬಿಟ್ಟು. ನಮ್ಮ ಅಂಗಳವೋ ಇಳಿಜಾರು. ನಡುಗುತ್ತ ನಡುಗುತ್ತ ಗಾಡಿ ಹೊರಟೇಬಿಟ್ಟಿತು! ಬಾಟಲಿಯ ಪೈಪು ಕಿತ್ತುಬಂತು. "ಹಿಡ್ಕೊಳ್ರೋ!" ಎಂದು ಚಿಕ್ಕಪ್ಪ ಹಿಂದೆ ಓಡಿದರು. ಕಾರು ಶೆಡ್ಡಿನಲ್ಲಿ, ಇಂಜಿನ್ನು ಹಿಪ್ಪುನೇರಳೆ ತೋಟದಲ್ಲಿ! ಪಕ್ಕದ ಹೊಲದ ರೆಡ್ಡಿಯವರು ಕೇಳಿದರು: "ಏಂ ಸಾಮಿ, ಇಂಜನು ಮುಂದು ಪೋಯಿಂದಿ, ಕಾರು ಎಪ್ಪುಡು ಒಸ್ತುಂದಿ?" ಇಂಜಿನ್ ಮುಂದೆ ಹೋಯಿತು, ಕಾರು ಯಾವಾಗ ಬರುತ್ತದೆಂಬ ಕಾಳಜಿ ಪಾಪ ಅವರಿಗೆ.

ನಾವು ಹೊಟ್ಟೆ ಹಿಡಿದು ನಕ್ಕೆವು. ಚಿಕ್ಕಪ್ಪ ಮಾತ್ರ ಕೆಸರು ಮೆತ್ತಿಕೊಂಡು ಅಪ್ಪನನ್ನೇ ನೋಡುತ್ತಿದ್ದರು. "ತುಟಿ ಅಲ್ಲಾಡ್ತು ಕಣೋ! ಬಯ್ಯಕ್ಕೆ ಬಾಯಿಗೆ ಬಂದಿತ್ತು, ಒಳಗೇ ನುಂಗ್ಬಿಟ್ಟ."

ಮುಂದಿನ ಭಾನುವಾರ ಮೂರನೆಯ ಪ್ರಯತ್ನ. ಚಕ್ರಕ್ಕೆ ಕಲ್ಲು ಬಿದ್ದಿತ್ತು. ಅಪ್ಪನ ಕುರ್ಚಿಯನ್ನು ಇಂಜಿನ್ನಿನ ಪಕ್ಕಕ್ಕೇ ಎಳೆದರು. ಸ್ವಿಚ್ಚು ಒತ್ತಿದರೆ ಇಂಜಿನ್ ಕೆಮ್ಮಿತು, ಸೀನಿತು, ಢಮಾರ್ ಎಂದು ಕಾರ್ಬುರೇಟರ್ ಬಾಯಿಂದ ಬೆಂಕಿ ಉಗುಳಿತು. ಮತ್ತೆ ಒತ್ತಿದರು, ಮತ್ತೆ ಢಮಾರ್! ಹೊಂಗೆ ಮರದ ಕಾಗೆಗಳೆಲ್ಲ ಪರಾರಿ. ಚಿಕ್ಕಪ್ಪ ತಲೆ ಕೆರೆಯುತ್ತ ನಿಂತರು. ಮೂರನೆಯ ಸಲ ಸ್ವಿಚ್ಚಿಗೆ ಕೈ ಹಾಕಿದ್ದರಷ್ಟೇ.

"ವೈ... ವೈರು! ಪ್ಲಗ್ಗಿನ ವೈರು ಅ... ಅದ್ಲುಬದ್ಲು ಹಾಕಿದ್ದೀಯಲ್ಲೋ, ಕ... ಕತ್ತೆ! ಯಾ... ಯಾವನೋ ನಿನ್ಗೆ ನನ್ನ ಕಾರು ಮು... ಮುಟ್ಟು ಅಂದಿದ್ದು?"

ಅಪ್ಪ! ಕುರ್ಚಿಯಿಂದ ಅರ್ಧ ಎದ್ದು, ಊರುಗೋಲಿನಿಂದ ತೋರಿಸಿ ತೋರಿಸಿ ಬಯ್ಯುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲೇ ನಿಂತುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ!

ಚಿಕ್ಕಮ್ಮನಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. "ಅಲ್ರೀ, ಬೆಳಿಗ್ಗೆ ಭಾವ ಸ್ನಾನಕ್ಕೆ ಹೋಗಿದ್ದಾಗ ಓಡಿಸಿದ್ರಲ್ಲ, ಎಷ್ಟು ಚೆನ್ನಾಗಿ ಓಡ್ತಿತ್ತು! ಆಮೇಲೆ ವೈರು ಕಿತ್ತು ಕಿತ್ತು ಯಾಕೆ ಹಾಕ್ತಿದ್ರಿ?"

"ಸುಮ್ನಿರೇ" ಎಂದರು ಚಿಕ್ಕಪ್ಪ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಅಣ್ಣ ಬಯ್ತಾ ಇದಾನೆ. ಪೂರ್ತಿ ಕೇಳಿಸ್ಕೊಳ್ಳಕ್ಕೆ ಬಿಡು."