‘ಫೈನ್’ ಎಂಬ ಗುಣವಾಚಕದ ಬಳಕೆ ಹಾಗೂ ಶ್ರೀ ಆಗಲ್ಬಿಯವರು ಕೆಸರಿನಲ್ಲಿ ಹೂತುಹೋದ ಕುರಿತು

ಪುರಸಭಾ ಉದ್ಯಾನ ಇಲಾಖೆ, ಥಾರ್ನ್‌ವಿಕ್, ಯಾರ್ಕ್‌ಶೈರ್
ಸಂಖ್ಯೆ: ಉದ್ಯಾನ/ಕೆಸರು/ಗುಣವಾಚಕ/07

ವಿಷಯ: ಸಿಬ್ಬಂದಿಯು ‘ಫೈನ್’ ಎನ್ನುವಾಗ ಪಾಲಿಸಬೇಕಾದ ಎಚ್ಚರಿಕೆಗಳ ಬಗ್ಗೆ.

ಕಳೆದ ಮಂಗಳವಾರ ಹಿರಿಯ ಮಾಲಿ ಶ್ರೀ ವಿಲ್ಫ್ರೆಡ್ ಆಗಲ್ಬಿಯವರು ಉದ್ಯಾನದ ಕೊಳದಂಚಿನಲ್ಲಿ ‘ಕೆಸರಿದೆ, ಎಚ್ಚರಿಕೆ’ ಎಂಬ ಫಲಕ ನೆಡಲು ಹೋಗಿ, ಸದರಿ ಕೆಸರಿನಲ್ಲೇ ಸೊಂಟದವರೆಗೆ ಹೂತುಹೋದರು. ಆ ದಾರಿಯಾಗಿ ಬಂದ ಮೇಲ್ವಿಚಾರಕ ಶ್ರೀ ಕ್ರ್ಯಾಬ್‌ಟ್ರೀಯವರು “ಏನಪ್ಪಾ ವಿಲ್ಫ್, ಹೇಗಿದೀಯ?” ಎಂದು ವಿಚಾರಿಸಲಾಗಿ, “ಫೈನ್ ಸಾರ್, ನೀವು?” ಎಂದು ಉತ್ತರಿಸಿರುತ್ತಾರೆ. “ನಾನೂ ಫೈನೇ” ಎಂದು ಮೇಲ್ವಿಚಾರಕರು ಚಹಾಕ್ಕೆ ತೆರಳಿರುತ್ತಾರೆ.

ಕೂಗಬೇಕೆಂದು ಅನಿಸಿತ್ತಾದರೂ, ಒಮ್ಮೆ ಫೈನ್ ಎಂದ ಮೇಲೆ ಮಾತು ಬದಲಿಸಲು ನಾಚಿಕೆಯಾಯಿತೆಂದು ಶ್ರೀ ಆಗಲ್ಬಿಯವರು ಹೇಳಿಕೆ ನೀಡಿರುತ್ತಾರೆ. ಕೆಸರು ಗದ್ದಕ್ಕೆ ಬಂದಾಗ, ನಾಯಿಯೊಂದಿಗೆ ವಾಯುಸೇವನೆಗೆ ಬಂದಿದ್ದ ಶ್ರೀಮತಿ ಮ್ಯೂರಿಯಲ್ ಸಗ್ಡೆನ್ ಅವರಿಗೂ ಅದೇ ಉತ್ತರ ದೊರೆಯಿತು.

“ಫೈನಂತೆ ಫೈನು! ಇನ್ನೊಂದು ಗೇಣು ಇಳಿದ್ರೆ ಟೋಪಿ ಮಾತ್ರ ಕಾಣ್ಸೋದು ಕಣ್ರೀ!”

“ಸುಮ್ನೆ ನಿಮಗ್ಯಾಕೆ ತೊಂದ್ರೆ ಅಂತ...”

ಆಕೆ ಚಹಾ ಕೋಣೆಗೆ ನುಗ್ಗಿ, ಸಿಬ್ಬಂದಿಯನ್ನು ಹಗ್ಗಸಮೇತ ಹೊರಡಿಸಿ, ಸದರಿಯವರನ್ನು ಮೇಲಕ್ಕೆ ಎಳೆಸಿದರು. ಬೂಟುಗಳು ಇಲಾಖೆಯ ಆಸ್ತಿಯಾಗಿ ಅಲ್ಲೇ ಉಳಿದಿವೆ.

ಆದ್ದರಿಂದ ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಮೊಣಕಾಲಿನಿಂದ ಮೇಲಕ್ಕೆ ಮುಳುಗಿರುವ ನೌಕರರು ‘ಫೈನ್’ ಎನ್ನತಕ್ಕದ್ದಲ್ಲ.

2. “ಇವತ್ತು ಪಬ್ಬಿಗೆ ಹೋಗ್ಲಾ?” ಎಂಬುದಕ್ಕೆ ಪತ್ನಿಯು ‘ಫೈನ್’ ಎಂದಲ್ಲಿ ಅದನ್ನು ಅನುಮತಿಯೆಂದು ಪರಿಗಣಿಸಬಾರದು. ಹಾಗೆ ಪರಿಗಣಿಸಿದ ತೋಟದ ವಿಭಾಗದವರೊಬ್ಬರು ಪ್ರಸ್ತುತ ಇಲಾಖೆಯ ಗಾಜಿನ ಮನೆಯಲ್ಲಿ, ಟೊಮೇಟೊ ಸಸಿಗಳ ನಡುವೆ ವಾಸವಾಗಿದ್ದಾರೆ.

3. ಹಿಟ್ಟಿನಂತೆ ಉದುರುವ ಮಳೆಯೂ ಫೈನ್, ಮಳೆಯಿಲ್ಲದ ದಿನವೂ ಫೈನ್ ಆಗಿರುವುದರಿಂದ, ಹವಾಮಾನ ಫಲಕದಲ್ಲಿ ಈ ಪದವಿದ್ದ ದಿನ ಕೊಡೆಯನ್ನು ಅರ್ಧ ಬಿಚ್ಚಿ ಹಿಡಿಯತಕ್ಕದ್ದು.

4. ಗ್ರಂಥಾಲಯದಲ್ಲಿ ‘ಫೈನ್’ ಎಂದರೆ ದಂಡ. ಅದನ್ನು ಕೇಳಿ “ತುಂಬಾ ಸಂತೋಷ ತಾಯಿ” ಎಂದು ಕೈಕುಲುಕಿ ಹೊರಟವರನ್ನು ಹಿಂದಕ್ಕೆ ಕರೆಸಲಾಗುವುದು.

5. ‘ಹೇಗಿದ್ದೀರಿ’ ಎಂದು ಕೇಳುವವರು ಇನ್ನು ಮುಂದೆ ಸ್ವಂತ ಕುರ್ಚಿಯೊಂದಿಗೆ ಬಂದು, ಉತ್ತರ ಮುಗಿಯುವವರೆಗೆ ಕೂರತಕ್ಕದ್ದು.

6. ಪ್ರಾಯೋಗಿಕವಾಗಿ ನಿನ್ನೆ ಬೆಳಿಗ್ಗೆ ಶ್ರೀ ಕ್ರ್ಯಾಬ್‌ಟ್ರೀಯವರು ಕುರ್ಚಿ ಹಾಕಿಕೊಂಡು, “ಈಗ ನಿಜ ಹೇಳಪ್ಪ, ಹೇಗಿದೀಯ?” ಎಂದು ಕೇಳಿದರು. ಶ್ರೀ ಆಗಲ್ಬಿಯವರು ಬಹಳ ಹೊತ್ತು ಟೋಪಿ ತಿರುಗಿಸುತ್ತಿದ್ದು, “ನಿಜ ಹೇಳ್ಬೇಕಂದ್ರೆ ಸಾರ್, ಹೆಂಡ್ತಿ ಡೊರೀನ್ ತೀರಿಹೋದ ಮೇಲೆ ಮನೇಲಿ ನನ್ನ ಯಾರೂ ಬೈಯೋದೇ ಇಲ್ಲ...” ಎಂದು ಆರಂಭಿಸಿರುತ್ತಾರೆ. ಈ ಸುತ್ತೋಲೆ ಹೊರಡುವ ಹೊತ್ತಿಗೂ ಉತ್ತರ ಮುಂದುವರಿದಿದೆ. ಮೇಲ್ವಿಚಾರಕರು ಎದ್ದಿಲ್ಲ. ಇಬ್ಬರಿಗೂ ಊಟ ಅಲ್ಲಿಗೇ ಕಳುಹಿಸಲಾಗಿದೆ.

ಸಹಿ/-
(ಎಡ್ನಾ ಹಾರ್ಗ್ರೀವ್ಸ್)
ಪ್ರಭಾರ ಅಧೀಕ್ಷಕರು, ಗುಣವಾಚಕ ಶಾಖೆ

ಪ್ರತಿಗಳು:
1. ಎಲ್ಲ ವಿಭಾಗಗಳಿಗೆ, ಪಾಲನೆಗಾಗಿ.
2. ಉಗ್ರಾಣಕ್ಕೆ, ಹೆಚ್ಚುವರಿ ಕುರ್ಚಿಗಳಿಗಾಗಿ.
3. ‘ನೈಸ್’ ಪದದ ವಿಚಾರಣಾ ಸಮಿತಿಗೆ, ಧೈರ್ಯಕ್ಕಾಗಿ.
4. ಹೇಗಿದ್ದೀರೆಂದು ಈವರೆಗೆ ಯಾರೂ ಕೇಳದ ಗೇಟು ಕಾವಲುಗಾರರಿಗೆ, ಖುದ್ದಾಗಿ ತಲುಪಿಸುವುದು.